ಕೆನಡಾಗೆ ಬಂದ್ರೆ ಏನು ಮಾಡ್ಬೇಕು? ಮೊದ್ಲು ತಾರೀಕು, ಆಮೇಲೆ ಜಾಗ

ಪ್ರಶ್ನೆ: ನಾವು ಚಿಕ್ಕಮಗಳೂರಿನವರು. ಮಗಳು ವಾಟರ್ಲೂನಲ್ಲಿ ಓದ್ತಿದಾಳೆ. ಮುಂದಿನ ವರ್ಷ ನಾನು, ನನ್ನ ಹೆಂಡತಿ, ನಮ್ಮಮ್ಮ (68 ವರ್ಷ, ಆರೋಗ್ಯ ಚೆನ್ನಾಗಿದೆ ಆದ್ರೆ ನಿಧಾನಕ್ಕೆ ನಡೀತಾರೆ) ಮೂರು ವಾರ ಕೆನಡಾಗೆ ಬರೋಣ ಅಂತಿದೀವಿ, ಯಾವ ತಿಂಗಳು ಅಂತ ಇನ್ನೂ ಫಿಕ್ಸ್ ಆಗಿಲ್ಲ. ಯಾರನ್ನ ಕೇಳಿದ್ರೂ ನಯಾಗರಾ, ಸಿಎನ್ ಟವರ್, ಬ್ಯಾನ್ಫ್, ವ್ಯಾಂಕೂವರ್ ಅಂತಾರೆ. ಫೋಟೋ ತೆಗೆದು ವಾಪಸ್ ಬರೋದಕ್ಕಿಂತ ಜೀವನ ಪೂರ್ತಿ ನೆನಪಿರೋಥರ ಏನು ಮಾಡ್ಬಹುದು? ನಾವು ಸಸ್ಯಾಹಾರಿಗಳು.

ಉತ್ತರ: ತಿಂಗಳು ಇನ್ನೂ ಫಿಕ್ಸ್ ಆಗಿಲ್ಲ ಅಂದ್ರಲ್ಲ, ಅದನ್ನ ಕೇಳಿ ನನಗೆ ತುಂಬಾ ಖುಷಿ ಆಯ್ತು. ಟ್ರಿಪ್ ಪ್ಲಾನ್ ಮಾಡ್ಕೊಡಿ ಅಂತ ನನ್ನ ಹತ್ರ ಬರೋರಲ್ಲಿ ಬಹಳ ಜನ ಟಿಕೆಟ್ ಮೊದ್ಲೇ ಬುಕ್ ಮಾಡಿರ್ತಾರೆ, ಮಕ್ಕಳ ಸ್ಕೂಲ್ ರಜೆ ಇದೆ ಅಂತ ಮೇನಲ್ಲೇ ಬಂದುಬಿಡ್ತಾರೆ, ಆಮೇಲೆ ನಾರ್ದರ್ನ್ ಲೈಟ್ಸ್ (ಉತ್ತರದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯೋ ಬಣ್ಣದ ಬೆಳಕು) ನೋಡ್ಬೇಕು, ಕೆಂಪು ಮೇಪಲ್ ಎಲೆ ನೋಡ್ಬೇಕು, ಹಿಮಕರಡಿನೂ ನೋಡ್ಬೇಕು ಅಂತಾರೆ. ಮೇನಲ್ಲಿ ಈ ಮೂರೂ ಸಿಗಲ್ಲ. ಈ ದೇಶದಲ್ಲಿ ನೆನಪಲ್ಲಿ ಉಳಿಯೋದೆಲ್ಲ ಕಟ್ಟಡ ಅಲ್ಲ, ನೀರು, ಮಂಜು, ಬೆಳಕು, ಪ್ರಾಣಿಗಳ ಓಡಾಟ, ಇವುಗಳಿಗೆ ಅವುಗಳದ್ದೇ ತಾರೀಕಿದೆ, ನಮ್ಮ ರಜೆಗೆ ಕಾಯಲ್ಲ. ಹಾಗಾಗಿ ನನ್ನ ಒಂದೇ ಮಾತು, ಜಾಗದ ಲಿಸ್ಟ್ ಮಾಡ್ಬೇಡಿ, ಯಾವ ಘಟನೆ ನೋಡ್ಬೇಕು ಅಂತ ಮೊದ್ಲು ಆರಿಸಿ, ಅದು ಯಾವ ವಾರ ನಡೆಯುತ್ತೋ ಆ ವಾರ ಬನ್ನಿ.

ಎರಡನೇದು ದೂರ. ಕೆನಡಾ ಸುಮಾರು 99.8 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದಂಥ ರಾಜ್ಯ 52 ಕೂರುತ್ತೆ ಅದರೊಳಗೆ. ಟೈಮ್ ಝೋನೇ ಆರು. ಟೊರೊಂಟೊದಿಂದ ವ್ಯಾಂಕೂವರ್‌ಗೆ ವಿಮಾನದಲ್ಲೇ ಐದು ಗಂಟೆ. ಮ್ಯಾಪಲ್ಲಿ ನೋಡಿ ಪಕ್ಕ ಪಕ್ಕ ಇದೆ ಅಂತ ಅಂದ್ಕೊಂಡು ಮೂರು ವಾರದಲ್ಲಿ ಆರು ಊರು ಹಾಕ್ಕೊಂಡ್ರೆ ಅಮ್ಮನಿಗೆ ಏರ್‌ಪೋರ್ಟ್ ಕುರ್ಚಿಗಳು ಮಾತ್ರ ನೆನಪಿರುತ್ತೆ. ಮಗಳ ಮನೆ ಬಿಟ್ಟು ಎರಡೇ ಕಡೆ ಹೋಗಿ, ಒಂದೊಂದು ಕಡೆ ನಾಲ್ಕು ರಾತ್ರಿ ಇರಿ.

ಈಗ ಒಂದೊಂದಾಗಿ ಹೇಳ್ತೀನಿ, ನನಗೆ ತುಂಬಾ ಇಷ್ಟ ಆಗಿರೋದನ್ನ ಜಾಸ್ತಿ ಬರೀತೀನಿ.

ಮೊದಲನೇದು ಸಮುದ್ರದ ತಳದಲ್ಲಿ ನಡೆಯೋದು. ಪೂರ್ವದ ಕಡೆ ನ್ಯೂ ಬ್ರನ್ಸ್‌ವಿಕ್ ಮತ್ತೆ ನೋವಾ ಸ್ಕೋಷಿಯಾ ಮಧ್ಯ ಬೇ ಆಫ್ ಫಂಡಿ ಅಂತ ಕೊಲ್ಲಿ ಇದೆ, ಪ್ರಪಂಚದಲ್ಲೇ ಅತಿ ಎತ್ತರದ ಉಬ್ಬರ ಇಳಿತ ಇರೋದು ಅಲ್ಲೇ, ಬರ್ನ್‌ಟ್‌ಕೋಟ್ ಹೆಡ್ ಅನ್ನೋ ಕಡೆ 16 ಮೀಟರ್ ತನಕ ನೀರು ಏರುತ್ತೆ ಇಳಿಯುತ್ತೆ, ಅಂದ್ರೆ ಐದು ಅಂತಸ್ತಿನ ಬಿಲ್ಡಿಂಗ್ ಎತ್ತರ. ಮಲ್ಪೆಯಲ್ಲೋ ಕಾರವಾರದಲ್ಲೋ ನೀರು ಹಿಂದೆ ಸರಿಯೋದನ್ನ ನಾವೆಲ್ಲ ನೋಡಿರ್ತೀವಿ, ಅಲ್ಲಿ ಅದು ಒಂದೆರಡು ಮೀಟರ್ ಮಾತ್ರ. ಫಂಡಿಯಲ್ಲಿ ಯಾಕಿಷ್ಟು ಅಂದ್ರೆ ಕೊಲ್ಲಿ ಆಕಾರ ಆಲಿಕೆ ಥರ, ಒಳಗೆ ಹೋಗ್ತಾ ಹೋಗ್ತಾ ಕಿರಿದಾಗುತ್ತೆ ಆಳನೂ ಕಮ್ಮಿ ಆಗುತ್ತೆ, ಅದಕ್ಕಿಂತ ಮುಖ್ಯ ಏನಂದ್ರೆ ಆ ಕೊಲ್ಲಿಯ ನೀರು ಈ ತುದಿಯಿಂದ ಆ ತುದಿಗೆ ತುಯ್ದಾಡೋಕೆ ತಗೊಳ್ಳೋ ಸಮಯ ಮತ್ತೆ ಸಾಗರದ ಉಬ್ಬರದ ಸಮಯ, ಅಂದ್ರೆ ಸುಮಾರು ಹನ್ನೆರಡೂವರೆ ಗಂಟೆ, ಎರಡೂ ಹೆಚ್ಚು ಕಮ್ಮಿ ಒಂದೇ. ಹಾಗಾಗಿ ಪ್ರತಿ ಉಬ್ಬರನೂ ಹಿಂದಿನ ತುಯ್ದಾಟಕ್ಕೆ ಸರಿಯಾದ ಹೊತ್ತಲ್ಲಿ ಇನ್ನೊಂದು ನೂಕು ಕೊಡುತ್ತೆ.

ಅಲ್ಲಿ ಹೋಪ್‌ವೆಲ್ ರಾಕ್ಸ್ ಅಂತ ಪಾರ್ಕ್ ಇದೆ, ಮಾಂಕ್ಟನ್ ಊರಿಂದ ಮುಕ್ಕಾಲು ಗಂಟೆ ಒಳಗೆ ಡ್ರೈವ್. ನೀರು ಇಳಿದಾಗ ಮೆಟ್ಟಿಲು ಇಳಿದು ಸಮುದ್ರದ ತಳಕ್ಕೇ ಹೋಗ್ಬಹುದು, ತಲೆ ಮೇಲೆ ಮರ ಬೆಳೆದಿರೋ ದೊಡ್ಡ ದೊಡ್ಡ ಕಲ್ಲಿನ ಕಂಬಗಳು, ಅವುಗಳ ಬುಡದಲ್ಲಿ ಪಾಚಿ ನೇತಾಡ್ತಿರುತ್ತೆ, ಆ ಪಾಚಿ ನಿಮ್ಮ ತಲೆಗಿಂತ ಎಷ್ಟೋ ಮೇಲೆ ತನಕ ಇದೆ ಅಂತ ನೋಡಿದಾಗಲೇ ನೀರು ಎಲ್ಲೀ ತನಕ ಬರುತ್ತೆ ಅಂತ ಮೈಗೆ ಗೊತ್ತಾಗೋದು. ಸುಮಾರು ಆರು ಗಂಟೆ ಬಿಟ್ಟು ಅದೇ ಜಾಗಕ್ಕೆ ಬನ್ನಿ, ನೀವು ನಡೆದಾಡಿದ ಕಡೆ ಜನ ಕಯಾಕ್ ಹಾಕ್ಕೊಂಡು ಹೋಗ್ತಿರ್ತಾರೆ, ಕಂಬಗಳೆಲ್ಲ ಚಿಕ್ಕ ಚಿಕ್ಕ ದ್ವೀಪ ಆಗಿರುತ್ತೆ. ದಯವಿಟ್ಟು ಎರಡನ್ನೂ ನೋಡಿ, ಒಂದೇ ನೋಡಿ ಹೊರಟುಬಿಡೋರು ತುಂಬಾ ಜನ, ಅದ್ರಿಂದ ಅರ್ಧ ಮಾತ್ರ ನೋಡಿದಂಗೆ. ಉಬ್ಬರ ಇಳಿತದ ಟೈಮ್ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹಾಗಾಗಿ ಹೋಗೋ ದಿನದ ಟೈಡ್ ಟೇಬಲ್ ನೋಡಿ, ಬೆಳಗಿನ ಹೊತ್ತು ಇಳಿತ, ಮಧ್ಯಾಹ್ನದ ಮೇಲೆ ಉಬ್ಬರ ಸಿಗೋ ದಿನ ಆರಿಸ್ಕೊಳ್ಳಿ. ಅಮ್ಮನಿಗೆ ಮೆಟ್ಟಿಲು ಕಷ್ಟ ಅನ್ಸಿದ್ರೆ ಮೇಲಿನ ಡೆಕ್‌ನಿಂದಲೇ ಚೆನ್ನಾಗಿ ಕಾಣುತ್ತೆ, ಒಳಗೆ ಓಡಾಡೋಕೆ ಚಿಕ್ಕ ಶಟಲ್ ಗಾಡಿನೂ ಇರುತ್ತೆ. ತಳದಲ್ಲಿ ಕೆಸರು ಜಾಸ್ತಿ, ಹಳೇ ಶೂ ಹಾಕ್ಕೊಳ್ಳಿ. ಪಾರ್ಕ್ ತೆಗೆದಿರೋದು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದ ತನಕ. ಮಗಳು ಜೊತೆಗೆ ಬಂದ್ರೆ ಅವಳಿಗೆ ನೋವಾ ಸ್ಕೋಷಿಯಾದ ಶುಬೆನಕಾಡಿ ನದೀಲಿ ರಾಫ್ಟಿಂಗ್ ಮಾಡಿಸಿ, ಉಬ್ಬರ ಬಂದಾಗ ಸಮುದ್ರದ ನೀರು ಅಲೆ ಆಗಿ ನದಿಯನ್ನೇ ಹಿಂದಕ್ಕೆ ತಳ್ಕೊಂಡು ಬರುತ್ತೆ, ಅದರ ಮೇಲೆ ಬೋಟ್ ಹಾರಿಸ್ತಾರೆ.

ಎರಡನೇದು ನಾರ್ದರ್ನ್ ಲೈಟ್ಸ್, ಅರೋರಾ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದಕ್ಕೆ ಚಳಿಗಾಲದಲ್ಲೇ ಬರ್ಬೇಕು ಅಂತ ಎಲ್ಲರೂ ನಂಬಿದಾರೆ. ಯೆಲ್ಲೋನೈಫ್ ಅಂತ ಊರು, ನಾರ್ತ್‌ವೆಸ್ಟ್ ಟೆರಿಟರೀಸ್ ರಾಜಧಾನಿ, 62 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅರೋರಾ ಬರೋ ಉಂಗುರದಂಥ ಪಟ್ಟಿ ಸರಿಯಾಗಿ ಅದರ ಮೇಲೇ ಹಾದು ಹೋಗುತ್ತೆ. ಅರೋರಾ ವರ್ಷ ಪೂರ್ತಿ ಇರುತ್ತೆ, ಕಾಣೋಕೆ ಕತ್ತಲೆ ಬೇಕು ಅಷ್ಟೇ, ಜೂನ್ ಜುಲೈನಲ್ಲಿ ಅಲ್ಲಿ ರಾತ್ರಿ ಕತ್ತಲೇ ಆಗಲ್ಲ. ಆಗಸ್ಟ್ ಕೊನೆಯಿಂದ ಮತ್ತೆ ಕತ್ತಲೆ ಸಿಗುತ್ತೆ. ಜನವರಿಯಿಂದ ಮಾರ್ಚ್ ತನಕ ಆಕಾಶ ಜಾಸ್ತಿ ತಿಳಿಯಾಗಿರುತ್ತೆ ನಿಜ, ಆದ್ರೆ ಮೈನಸ್ 30, ಒಮ್ಮೊಮ್ಮೆ ಮೈನಸ್ 40, ಅದರಲ್ಲಿ 68 ವರ್ಷದ ಅಮ್ಮನ್ನ ರಾತ್ರಿ ಎರಡು ಗಂಟೆಗೆ ಹೊರಗೆ ನಿಲ್ಲಿಸೋದು ನನಗೆ ಸರಿ ಕಾಣಲ್ಲ. ಸೆಪ್ಟೆಂಬರ್‌ನಲ್ಲಿ ದಪ್ಪ ಜಾಕೆಟ್, ಟೋಪಿ, ಉಣ್ಣೆ ಸಾಕ್ಸ್ ಇದ್ರೆ ಸಾಕು, ಇನ್ನೊಂದು ದೊಡ್ಡ ಲಾಭ ಏನಂದ್ರೆ ಕೆರೆಗಳು ಆಗ ಇನ್ನೂ ಹೆಪ್ಪುಗಟ್ಟಿರಲ್ಲ, ಮೇಲೆ ಆಕಾಶದಲ್ಲಿ ಹಸಿರು ಬೆಳಕು ಕುಣಿಯೋದು ಕೆಳಗೆ ನೀರಲ್ಲೂ ಕಾಣುತ್ತೆ. ಅಕ್ಟೋಬರ್ ಮತ್ತೆ ನವೆಂಬರ್ ಶುರು ಬೇಡ, ಮೋಡ ಜಾಸ್ತಿ.

ನಿರೀಕ್ಷೆ ಬಗ್ಗೆನೂ ಒಂದು ಮಾತು. ಇನ್‌ಸ್ಟಾಗ್ರಾಮ್ ಫೋಟೋದಲ್ಲಿ ಕಾಣೋ ಅಷ್ಟು ಬಣ್ಣ ಬರಿಗಣ್ಣಿಗೆ ಯಾವಾಗ್ಲೂ ಕಾಣಲ್ಲ, ಅರೋರಾ ಮಂದ ಇದ್ದಾಗ ಬಿಳಿ ಮೋಡದ ಥರ ಕಾಣುತ್ತೆ, ಮೊಬೈಲ್ ನೈಟ್ ಮೋಡಲ್ಲಿ ತೆಗೆದ್ರೆ ಹಸಿರು ಬರುತ್ತೆ. ಜೋರಾಗಿ ಬಂದ ದಿನ ಮಾತ್ರ ಬರಿಗಣ್ಣಿಗೇ ಹಸಿರು, ಅಂಚಲ್ಲಿ ಗುಲಾಬಿ, ಪರದೆ ಥರ ಅಲ್ಲಾಡೋದು ಎಲ್ಲಾ ಕಾಣುತ್ತೆ, ಜನ ಮಾತು ನಿಲ್ಲಿಸಿಬಿಡ್ತಾರೆ. ಆ ಹಸಿರು ಸುಮಾರು 100 ಕಿಲೋಮೀಟರ್‌ಗಿಂತ ಮೇಲೆ, ಸೂರ್ಯನ ಕಡೆಯಿಂದ ಬಂದ ಕಣಗಳ ದೆಸೆಯಿಂದ ಆಕ್ಸಿಜನ್ ಕೊಡೋ ಬೆಳಕು. ಒಂದೇ ರಾತ್ರಿಗೆ ಹೋಗ್ಬೇಡಿ, ಕನಿಷ್ಠ ಮೂರು, ನಾಲ್ಕಾದ್ರೆ ಒಳ್ಳೇದು, ಮೋಡಕ್ಕೆ ಯಾರೂ ಗ್ಯಾರಂಟಿ ಕೊಡಕ್ಕಾಗಲ್ಲ. ಹಗಲಲ್ಲಿ ಓಲ್ಡ್ ಟೌನ್ ಸುತ್ತಾಡಿ, ಗ್ರೇಟ್ ಸ್ಲೇವ್ ಲೇಕ್ ಮೇಲೆ ಬೋಟಲ್ಲಿ ಹೋಗಿ, ಉತ್ತರ ಅಮೆರಿಕದಲ್ಲೇ ಅತಿ ಆಳದ ಕೆರೆ ಅದು, 614 ಮೀಟರ್. ಡೆನೆ ಜನಾಂಗದವರೇ ನಡೆಸೋ ಟೂರ್‌ಗಳು ಸಿಗುತ್ತೆ, ಅದನ್ನೇ ತಗೊಳ್ಳಿ, ಆ ನೆಲದಲ್ಲಿ ತಲೆಮಾರುಗಳಿಂದ ಬದುಕಿರೋರ ಬಾಯಲ್ಲಿ ಆ ಬೆಳಕಿನ ಕಥೆ ಕೇಳೋದೇ ಬೇರೆ.

ಮೂರನೇದು ಚರ್ಚಿಲ್. ಮ್ಯಾನಿಟೋಬಾ ರಾಜ್ಯದ ಉತ್ತರ ತುದಿ, ಹಡ್ಸನ್ ಕೊಲ್ಲಿ ದಡದಲ್ಲಿರೋ ಸಾವಿರ ಜನನೂ ಇಲ್ಲದ ಊರು, ರಸ್ತೆನೇ ಇಲ್ಲ, ವಿನ್ನಿಪೆಗ್‌ನಿಂದ ವಿಮಾನ ಇಲ್ಲಾ ಎರಡು ದಿನದ ರೈಲು. ಕೊಲ್ಲಿ ಮೇಲಿನ ಮಂಜುಗಡ್ಡೆ ಬೇಸಿಗೆಯಲ್ಲಿ ಕರಗಿದಾಗ ಹಿಮಕರಡಿಗಳು ದಡಕ್ಕೆ ಬರ್ತಾವೆ, ಸೀಲ್ ಬೇಟೆ ಆಡೋಕೆ ಮಂಜುಗಡ್ಡೆ ಬೇಕೇ ಬೇಕು, ಅದಿಲ್ಲದೆ ತಿಂಗಳುಗಟ್ಟಲೆ ಹೆಚ್ಚು ಕಮ್ಮಿ ಉಪವಾಸ ಇದ್ದು ಅಕ್ಟೋಬರ್ ನವೆಂಬರ್‌ನಲ್ಲಿ ನೀರು ಮತ್ತೆ ಹೆಪ್ಪುಗಟ್ಟೋದನ್ನ ಕಾಯ್ತಾ ದಡದಲ್ಲಿ ಸೇರ್ತಾವೆ. ಅದನ್ನ ನೋಡೋಕೆ ಎತ್ತರದ ಚಕ್ರದ ದೊಡ್ಡ ಗಾಡೀಲಿ ಕರ್ಕೊಂಡು ಹೋಗ್ತಾರೆ. ಊರೊಳಗೆ ಎಷ್ಟೋ ಜನ ಕಾರಿಗೆ ಲಾಕ್ ಹಾಕಲ್ಲ, ಯಾರಿಗಾದ್ರೂ ಕರಡಿ ಎದುರಾದ್ರೆ ಒಳಗೆ ನುಗ್ಗಿ ಕೂರಲಿ ಅಂತ. ಈ ಕರಡಿಗಳು ಕಮ್ಮಿ ಆಗ್ತಿವೆ, ಪಶ್ಚಿಮ ಹಡ್ಸನ್ ಕೊಲ್ಲಿ ಗುಂಪಲ್ಲಿ 2016ರ ಲೆಕ್ಕಕ್ಕೆ 842 ಇದ್ದಿದ್ದು 2021ರಲ್ಲಿ 618ಕ್ಕೆ ಇಳೀತು, ಮಂಜು ಬೇಗ ಕರಗಿ ತಡವಾಗಿ ಕಟ್ಟೋದೇ ದೊಡ್ಡ ಕಾರಣ, ಅದನ್ನ ನೆನೆಸ್ಕೊಂಡ್ರೆ ಮನಸ್ಸಿಗೆ ಕಷ್ಟ ಆಗುತ್ತೆ.

ಆದ್ರೆ ಕರಡಿ ಸೀಸನ್ ಖರ್ಚು ಭಯಂಕರ, ಒಬ್ಬೊಬ್ಬರಿಗೆ ಸಾವಿರಾರು ಡಾಲರ್, ಒಂದು ವರ್ಷ ಮುಂಚೆ ಬುಕ್ ಆಗಿರುತ್ತೆ. ಅದರ ಬದಲು ಜುಲೈ ಆಗಸ್ಟ್‌ನಲ್ಲಿ ಹೋಗೋದು ನನಗೆ ಇನ್ನೂ ಇಷ್ಟ, ಆಗ ಸಾವಿರಾರು ಬೆಲುಗಾ ತಿಮಿಂಗಿಲಗಳು ಚರ್ಚಿಲ್ ನದಿ ಸಮುದ್ರ ಸೇರೋ ಜಾಗಕ್ಕೆ ಬರ್ತಾವೆ, ಹಾಲಿನಷ್ಟು ಬೆಳ್ಳಗೆ, ತುಂಬಾ ಕುತೂಹಲದ ಪ್ರಾಣಿ, ಬೋಟ್ ಹತ್ರ ಅವೇ ಬರ್ತಾವೆ. ನೀರೊಳಗೆ ಮೈಕ್ ಇಳಿಸ್ತಾರೆ, ಶಿಳ್ಳೆ, ಚಿಲಿಪಿಲಿ, ಕಿರುಗುಟ್ಟೋ ಸದ್ದು, ಹಳೇ ನಾವಿಕರು ಇದನ್ನ ಸಮುದ್ರದ ಹಾಡುಹಕ್ಕಿ ಅಂತ ಕರೀತಿದ್ದಿದ್ದು ಸುಮ್ನೆ ಅಲ್ಲ. ಬೋಟಲ್ಲಿ ಕೂತ್ಕೊಂಡೇ ನೋಡೋದಾದ್ರಿಂದ ಅಮ್ಮನಿಗೂ ಆಗುತ್ತೆ.

ನಾಲ್ಕನೇದು ನಿಮ್ಮ ಮಗಳ ಮನೆ ಬಾಗಿಲಲ್ಲೇ ಇದೆ, ಯಾರೂ ಹೇಳಿರಲ್ಲ. ನೀವು ಮಾರ್ಚ್ ಕೊನೆ ಏಪ್ರಿಲ್ ಮೊದಲ ವಾರದಲ್ಲಿ ಬಂದ್ರೆ ಮೇಪಲ್ ಸಿರಪ್ ಸೀಸನ್. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ, ಹೀಗೆ ಹೆಪ್ಪುಗಟ್ಟಿ ಕರಗಿ ಆಗೋ ಕೆಲವೇ ವಾರ ಮರದಿಂದ ರಸ ಇಳಿಯುತ್ತೆ. ಆ ರಸ ನೀರಿನಷ್ಟೇ ತೆಳ್ಳಗೆ, ಅದರಲ್ಲಿ ಸಕ್ಕರೆ ನೂರಕ್ಕೆ ಎರಡು ಭಾಗ ಅಷ್ಟೇ, ಸುಮಾರು 40 ಲೀಟರ್ ಕುದಿಸಿದ್ರೆ ಒಂದು ಲೀಟರ್ ಸಿರಪ್. ಮಂಜಿನ ಕಾಡು, ಮಧ್ಯದಲ್ಲಿ ಮರದ ಶೆಡ್, ಅದರ ಸೂರಿಂದ ಹಬೆ ಏಳ್ತಿರುತ್ತೆ, ಒಳಗೆ ಹೋದ್ರೆ ನಮ್ಮ ಮಲೆನಾಡ ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಂತ ಹಾಗೇ ಆಗುತ್ತೆ, ಅಮ್ಮನಿಗೆ ಇದು ತುಂಬಾ ಹಿಡಿಸುತ್ತೆ ಅಂತ ನನಗೆ ನಂಬಿಕೆ. ಕುದಿಯೋ ಸಿರಪ್ಪನ್ನ ಶುಭ್ರ ಹಿಮದ ಮೇಲೆ ಸುರಿದು ಕಡ್ಡಿಗೆ ಸುತ್ತಿ ಕೊಡ್ತಾರೆ, ತಿನ್ನದೆ ಬರ್ಬೇಡಿ. ವಾಟರ್ಲೂ ಪಕ್ಕದ ಎಲ್ಮೈರಾ ಊರಲ್ಲಿ 1965ರಿಂದ ಈ ಸಿರಪ್‌ನದ್ದೇ ಒಂದು ದಿನದ ಜಾತ್ರೆ ನಡೆಯುತ್ತೆ. ಯುರೋಪಿನವರು ಬರೋ ಮುಂಚೆಯೇ ಇದನ್ನ ಕಂಡ್ಕೊಂಡಿದ್ದವರು ಇಲ್ಲಿನ ಮೂಲನಿವಾಸಿಗಳು, ಹೋದ ಕಡೆ ಅದನ್ನೂ ಕೇಳಿ ತಿಳ್ಕೊಳ್ಳಿ. ಕ್ವಿಬೆಕ್ ಕಡೆ ಶುಗರ್ ಶ್ಯಾಕ್ ಊಟ ಫೇಮಸ್, ಆದ್ರೆ ಅಲ್ಲಿ ಬೀನ್ಸ್‌ಗೂ ಹಂದಿ ಮಾಂಸ ಹಾಕಿರ್ತಾರೆ, ನೀವು ಊಟ ಬಿಟ್ಟು ಸಿರಪ್ ಮಾತ್ರ ನೋಡಿ.

ರಾಕೀಸ್ (ಪಶ್ಚಿಮದ ಕಡೆಯ ಪರ್ವತ ಸಾಲು), ಅದರಲ್ಲಿರೋ ಬ್ಯಾನ್ಫ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಚೆನ್ನಾಗಿಲ್ಲ ಅಂತಲ್ಲ, ಅದರ ಬಗ್ಗೆ ಬೇಕಾದಷ್ಟು ಮಾಹಿತಿ ಇದೆ. ಅಲ್ಲಿನ ಮೊರೇನ್ ಲೇಕ್ ಅನ್ನೋ ಕೆರೆಗೆ 2023ರಿಂದ ಸ್ವಂತ ಕಾರ್ ಬಿಡಲ್ಲ, ಪಾರ್ಕ್ಸ್ ಕೆನಡಾ ಶಟಲ್ ಮುಂಚೆನೇ ಬುಕ್ ಮಾಡ್ಬೇಕು. ಮೇನಲ್ಲಿ ಹೋದ್ರೆ ಕೆರೆ ಇನ್ನೂ ಮಂಜುಗಡ್ಡೆ, ಆ ನೀಲಿ ಬಣ್ಣ ಬರೋದು ಹಿಮನದಿ ಕಲ್ಲನ್ನ ತೇದು ತಂದ ನುಣ್ಣನೆ ಹುಡಿಯಿಂದ, ಕರಗೋದು ಶುರುವಾದ ಮೇಲೆ, ಅಂದ್ರೆ ಜೂನ್ ಕೊನೆಯಿಂದ. ಲೇಕ್ ಲೂಯಿಸ್‌ನಿಂದ ಜಾಸ್ಪರ್ ತನಕ ಸುಮಾರು 230 ಕಿಲೋಮೀಟರ್ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಇದೆ, ಆ ದಾರೀಲಿ ಅಥಾಬಾಸ್ಕಾ ಹಿಮನದಿ ಯಾವ ವರ್ಷ ಎಲ್ಲೀ ತನಕ ಇತ್ತು ಅಂತ ಬೋರ್ಡ್ ಹಾಕಿದಾರೆ, ಗಾಡಿ ನಿಲ್ಲಿಸಿ ಆ ಬೋರ್ಡ್‌ಗಳ ಪಕ್ಕ ನಡೆದು ಹೋಗಿ, 125 ವರ್ಷದಲ್ಲಿ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಹಿಂದೆ ಸರಿದಿದೆ. ಜಾಸ್ಪರ್ ಊರಿನ ಮೂರನೇ ಒಂದು ಭಾಗದಷ್ಟು ಕಟ್ಟಡ 2024ರ ಜುಲೈ ಕಾಡ್ಗಿಚ್ಚಲ್ಲಿ ಸುಟ್ಟುಹೋಯ್ತು, ಊರು ಮತ್ತೆ ಕಟ್ಕೊಳ್ತಿದೆ, ರೂಮ್ ಸಿಕ್ಕಿದ್ರೆ ಅಲ್ಲೊಂದು ರಾತ್ರಿ ಉಳೀರಿ, ಆ ಜನಕ್ಕೆ ಆಸರೆ ಆಗುತ್ತೆ.

ನ್ಯೂಫೌಂಡ್‌ಲ್ಯಾಂಡ್ ಅಂತ ಪೂರ್ವದ ಕೊನೆ ದ್ವೀಪ ಇದೆ, ಮೇ ಜೂನ್‌ನಲ್ಲೇ ಬರ್ಬೇಕು ಅನ್ನೋರಿಗೆ ನಾನು ಕಣ್ಮುಚ್ಚಿ ಹೇಳೋ ಜಾಗ ಅದು. ಗ್ರೀನ್‌ಲ್ಯಾಂಡ್ ಕಡೆಯಿಂದ ಒಡೆದ ಐಸ್‌ಬರ್ಗ್‌ಗಳು ಟ್ವಿಲ್ಲಿಂಗೇಟ್ ಊರಿನ ಮುಂದೆನೇ ತೇಲ್ಕೊಂಡು ಹೋಗ್ತಾವೆ, ಎಲ್ಲಿಸ್ಟನ್ ಅನ್ನೋ ಹಳ್ಳೀಲಿ ಪಫಿನ್ ಹಕ್ಕಿಗಳನ್ನ ದಡದಲ್ಲೇ ನಿಂತು ನೋಡ್ಬಹುದು, ಜೂನ್ ಮಧ್ಯದಿಂದ ಹಂಪ್‌ಬ್ಯಾಕ್ ತಿಮಿಂಗಿಲ. ರೈಲು ಇಷ್ಟ ಅಂದ್ರೆ ಟೊರೊಂಟೊದಿಂದ ವ್ಯಾಂಕೂವರ್‌ಗೆ 4,466 ಕಿಲೋಮೀಟರ್, ನಾಲ್ಕು ರಾತ್ರಿ, ದಿ ಕೆನೇಡಿಯನ್ ಅಂತ ಹೆಸರು, ಗೂಡ್ಸ್ ಗಾಡಿಗೆ ದಾರಿ ಬಿಡ್ತಾ ಗಂಟೆಗಟ್ಟಲೆ ಲೇಟ್ ಆಗುತ್ತೆ, ಇಳಿದ ದಿನಾನೇ ಬೇರೆ ವಿಮಾನ ಬುಕ್ ಮಾಡ್ಬೇಡಿ. ಆಟವಾದಲ್ಲಿ ಚಳಿ ಸಾಕಷ್ಟು ಬಿದ್ದ ವರ್ಷ ರಿಡೋ ಕಾಲುವೆ 7.8 ಕಿಲೋಮೀಟರ್ ಸ್ಕೇಟಿಂಗ್ ದಾರಿ ಆಗುತ್ತೆ, 2023ರಲ್ಲಿ ತೆಗೀಲೇ ಇಲ್ಲ.

ನಯಾಗರಾ ಬಿಡ್ಬೇಡಿ, ವಾಟರ್ಲೂನಿಂದ ಒಂದು ದಿನದಲ್ಲಿ ಹೋಗ್ಬರ್ಬಹುದು. ಅಮೆರಿಕ ಕೆನಡಾ ಮಧ್ಯ 1950ರಲ್ಲಿ ಆದ ಒಪ್ಪಂದದ ಪ್ರಕಾರ ಪ್ರವಾಸಿ ಸೀಸನ್‌ನಲ್ಲಿ ಹಗಲು ಹೊತ್ತು ಸೆಕೆಂಡಿಗೆ ಕನಿಷ್ಠ 2,832 ಘನ ಮೀಟರ್ ನೀರು ಜಲಪಾತಕ್ಕೆ ಬಿಡ್ಬೇಕು, ರಾತ್ರಿ ಮತ್ತೆ ಚಳಿಗಾಲದಲ್ಲಿ ಅದರ ಅರ್ಧ ಸಾಕು, ಉಳಿದಿದ್ದು ಕರೆಂಟ್ ತಯಾರಿಕೆಗೆ. ಹಾಗಾಗಿ ಹಗಲಲ್ಲೇ ನೋಡಿ. ಬೋಟ್ ಆದ್ಮೇಲೆ ಹಳೇ ಪವರ್ ಸ್ಟೇಷನ್‌ಗೆ ಹೋಗಿ, ಲಿಫ್ಟಲ್ಲಿ ಕೆಳಗೆ ಇಳಿದು 670 ಮೀಟರ್ ಸುರಂಗದಲ್ಲಿ ನಡೆದ್ರೆ ಜಲಪಾತದ ಬುಡದ ಹತ್ರಾನೇ ಹೊರಗೆ ಬರ್ತೀರ, 2022ರಲ್ಲಿ ಜನಕ್ಕೆ ತೆಗೆದಿದ್ದು. ಒಂದು ಮಧ್ಯಾಹ್ನ ಬ್ರ್ಯಾಂಟ್‌ಫರ್ಡ್‌ನ ವುಡ್‌ಲ್ಯಾಂಡ್ ಕಲ್ಚರಲ್ ಸೆಂಟರ್‌ಗೂ ಕೊಡಿ, ಮೂಲನಿವಾಸಿ ಮಕ್ಕಳನ್ನ ಮನೆಯಿಂದ ಎಳ್ಕೊಂಡು ಬಂದು ಅವರ ಭಾಷೆ ಮರೆಸ್ತಿದ್ದ ವಸತಿ ಶಾಲೆ ಅದೇ ಜಾಗದಲ್ಲಿತ್ತು, 1970ರಲ್ಲಿ ಮುಚ್ಚಿತು. ಸುಂದರವಾದ ಜಾಗ ಮಾತ್ರ ನೋಡಿ ಹೋದ್ರೆ ಈ ದೇಶ ಅರ್ಥ ಆಗಲ್ಲ ಅಂತ ನನ್ನ ಅಭಿಪ್ರಾಯ.

ಸರಿ, ನಿಮಗೆ ನಾನು ಹೇಳೋದು ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದ ಒಳಗಿನ ಯಾವುದಾದ್ರೂ ಮೂರು ವಾರ. ಸೊಳ್ಳೆ ಕಾಟ ಮುಗಿದಿರುತ್ತೆ (ಜೂನ್‌ನಲ್ಲಿ ಉತ್ತರದ ಕಾಡಲ್ಲಿ ಸೊಳ್ಳೆ, ಕಪ್ಪು ನೊಣ ತಿಂದುಹಾಕಿಬಿಡ್ತಾವೆ), ರಶ್ ಕಮ್ಮಿ, ಕಾಡ್ಗಿಚ್ಚಿನ ಹೊಗೆನೂ ಸಾಮಾನ್ಯವಾಗಿ ಇಳಿಮುಖ. ಮೊದಲ ನಾಲ್ಕೈದು ದಿನ ಮಗಳ ಮನೆ, ನಯಾಗರಾ, ಪಕ್ಕದ ಸೇಂಟ್ ಜೇಕಬ್ಸ್ ಸಂತೆ, ಜೆಟ್‌ಲ್ಯಾಗ್ ಕಳೀಲಿ. ಆಮೇಲೆ ಯೆಲ್ಲೋನೈಫ್ ನಾಲ್ಕು ರಾತ್ರಿ. ವಾಪಸ್ ಬಂದು ಎರಡು ದಿನ ರೆಸ್ಟ್, ಆಮೇಲೆ ಮಾಂಕ್ಟನ್‌ಗೆ ಹೋಗಿ ಫಂಡಿ ನಾಲ್ಕು ರಾತ್ರಿ. ಕೊನೇ ವಾರ ಅಲ್ಗಾನ್‌ಕ್ವಿನ್ ಪಾರ್ಕ್, ಸಕ್ಕರೆ ಮೇಪಲ್ ಕಾಡು ಕೆಂಪಾಗೋದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಶುರು, ಡೇ ಪರ್ಮಿಟ್ ಮುಂಗಡ ತಗೊಳ್ಳಿ, ವಾರದ ದಿನ ಹೋಗಿ, ಕೆರೆ ಮೇಲೆ ಒಂದು ಗಂಟೆ ಕನೂ ಬಾಡಿಗೆಗೆ ತಗೊಂಡು ಹುಟ್ಟು ಹಾಕಿ. ರಾಕೀಸ್ ಈ ಸಲ ಇಲ್ಲ, ಬೇಜಾರು ಮಾಡ್ಕೋಬೇಡಿ.

ತಾರೀಕು ಆರಿಸುವಾಗ ಪಂಚಾಂಗ ನೋಡಿ, ಇದು ಯಾವ ಆ್ಯಪಿಗಿಂತಲೂ ಸುಲಭ. ಅಮಾವಾಸ್ಯೆ ಆಸುಪಾಸಲ್ಲಿ ಆಕಾಶ ಕತ್ತಲೆ ಇರುತ್ತೆ, ಮಂದ ಅರೋರಾನೂ ಕಾಣುತ್ತೆ, ಫಂಡಿಯಲ್ಲಿ ಉಬ್ಬರನೂ ಅಮಾವಾಸ್ಯೆ ಹುಣ್ಣಿಮೆ ಆದ ಒಂದೆರಡು ದಿನಕ್ಕೇ ಜಾಸ್ತಿ. ಎರಡಕ್ಕೂ ಒಂದೇ ಅಮಾವಾಸ್ಯೆ ಸಿಗಲ್ಲ, ಹಾಗಾಗಿ ಅದನ್ನ ಯೆಲ್ಲೋನೈಫ್‌ಗೆ ಕೊಡಿ, ಫಂಡಿಯಲ್ಲಿ ಕಮ್ಮಿ ಇರೋ ದಿನನೂ ಬೇಕಾದಷ್ಟು ನೀರು ಏರುತ್ತೆ.

ಊಟ: ಅಡುಗೆಮನೆ ಇರೋ ಮನೆನೇ ಬಾಡಿಗೆ ಹಿಡೀರಿ, ಯೆಲ್ಲೋನೈಫಲ್ಲೂ ಸೂಪರ್‌ಮಾರ್ಕೆಟ್ ಇದೆ, ಅಕ್ಕಿ ತರಕಾರಿ ಸಿಗುತ್ತೆ, ರೇಟ್ ಜಾಸ್ತಿ. ಪೂಟೀನ್ ಅಂತ ಆಲೂ ಫ್ರೈ ಚೀಸ್ ತಿಂಡಿ ಎಲ್ಲಾ ಕಡೆ ಇರುತ್ತೆ, ಮೇಲಿನ ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರಿಂದ ಮಾಡಿರ್ತಾರೆ, ವೆಜ್ ಗ್ರೇವಿ ಇದ್ಯಾ ಅಂತ ಕೇಳಿ ತಗೊಳ್ಳಿ. ಊರಿಂದ ಪುಡಿ, ಅವಲಕ್ಕಿ ಏನೇ ತಂದ್ರೂ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡಿ, ಮುಚ್ಚಿಟ್ರೆ ದಂಡ ಬೀಳುತ್ತೆ.

ಕೆಲಸದ ಕ್ರಮ ಹೀಗಿರಲಿ: ಮೊದ್ಲು ವೀಸಾ, ಮಗಳ ಇನ್ವಿಟೇಶನ್ ಲೆಟರ್ ಇಟ್ಟು ಆದಷ್ಟು ಬೇಗ ಹಾಕಿ, ಬಯೋಮೆಟ್ರಿಕ್ಸ್‌ಗೂ ಟೈಮ್ ಹಿಡಿಯುತ್ತೆ. ವೀಸಾ ಕೈಗೆ ಬಂದ್ಮೇಲೆ ಯೆಲ್ಲೋನೈಫ್ ರೂಮು, ಆಮೇಲೆ ಒಳಗಿನ ವಿಮಾನ. ಕಾರು ಓಡಿಸೋದಾದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಚಿಕ್ಕಮಗಳೂರಿನ ಆರ್‌ಟಿಓದಲ್ಲೇ ಮಾಡಿಸ್ಕೊಂಡು ಬನ್ನಿ. ಅಮ್ಮನಿಗೆ ಇನ್ಶೂರೆನ್ಸ್ ತಗೊಳ್ಳುವಾಗ ಬಿಪಿ ಶುಗರ್ ಏನಿದ್ರೂ ಮುಚ್ಚಿಡದೆ ಬರೆಸಿ, ಮೊದಲೇ ಇರೋ ಕಾಯಿಲೆಗೂ ಕವರ್ ಆಗೋ ಪಾಲಿಸಿನೇ ತಗೊಳ್ಳಿ, ಅದರ ಜೊತೆ ಟ್ರಿಪ್ ಕ್ಯಾನ್ಸಲ್ ಕವರ್ ಕೂಡ ಇರಲಿ, ಯಾಕಂದ್ರೆ 2023ರ ಆಗಸ್ಟಲ್ಲಿ ಕಾಡ್ಗಿಚ್ಚು ಹತ್ರ ಬಂತು ಅಂತ ಯೆಲ್ಲೋನೈಫ್‌ನ ಸುಮಾರು 20,000 ಜನನ್ನ, ಇಡೀ ಊರನ್ನೇ ಖಾಲಿ ಮಾಡಿಸಿದ್ರು.